ನಮ್ಮ ಬೀದಿಗೆ ಕ್ಯಾಮೆರಾ ಹಾಕಿಸಿದರೆ ಸರಗಳ್ಳರು ಬರೋದು ನಿಲ್ಲುತ್ತಾ?

ಮೂರನೇ ಅಡ್ಡರಸ್ತೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ. ಹೋದ ತಿಂಗಳು ಬೆಳಿಗ್ಗೆ ಆರು ಗಂಟೆಗೆ ನಮ್ಮಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಬೈಕಿನಲ್ಲಿ ಇಬ್ಬರು ಬಂದರು, ಹಿಂದೆ ಕೂತಿದ್ದವನು ಅಡ್ರೆಸ್ ಕೇಳುವವನ ಹಾಗೆ ಇಳಿದ, ಅಮ್ಮ ತಲೆ ಎತ್ತುವಷ್ಟರಲ್ಲಿ ಸರಕ್ಕೆ ಕೈ ಹಾಕಿ ಎಳೆದೇ ಬಿಟ್ಟ. ಅರ್ಧ ಸರ ಅಮ್ಮನ ಕೈಯಲ್ಲಿ ಉಳಿಯಿತು, ಅರ್ಧ ಹೋಯಿತು. ಕತ್ತಿನ ಗಾಯ ಮಾಯ್ದಿದೆ. ಆದರೆ ಅಮ್ಮ ಈಗ ಬೆಳಗಾಗುವ ತನಕ ಬಾಗಿಲೇ ತೆಗೆಯುವುದಿಲ್ಲ. ನಲವತ್ತು ವರ್ಷದ ಅಭ್ಯಾಸ ಬಿಟ್ಟುಬಿಟ್ಟಿದ್ದಾರೆ, ಸರ ಹೋಗಿದ್ದಕ್ಕಿಂತ ನನಗೆ ಅದೇ ಜಾಸ್ತಿ ಸಂಕಟ.

ಎದುರು ಮನೆಯ ಕ್ಯಾಮೆರಾದಲ್ಲಿ ಎಲ್ಲವೂ ರೆಕಾರ್ಡ್ ಆಗಿದೆ. ಏನು ಪ್ರಯೋಜನ? ಇಬ್ಬರಿಗೂ ಹೆಲ್ಮೆಟ್. ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಬೆಳಕು. ದೂರು ಕೊಟ್ಟಿದ್ದೇವೆ, ಎಫ್‌ಐಆರ್ ಆಗಿದೆ, ಇನ್ನೂ ಯಾರೂ ಸಿಕ್ಕಿಲ್ಲ.

ಈಗ ನಮ್ಮ ನಿವಾಸಿಗಳ ಸಂಘದವರು ಬೀದಿಗೆಲ್ಲ ಎಂಟು ಕ್ಯಾಮೆರಾ ಹಾಕಿಸೋಣ, ಮನೆಗೆ ಎರಡು ಸಾವಿರ ಕೊಡಿ ಎನ್ನುತ್ತಿದ್ದಾರೆ. ಅರವತ್ತು ಮನೆ ಇದೆ. ಕೊಡಲು ನನಗೇನೂ ಬೇಸರವಿಲ್ಲ. ಆದರೆ ಊರಿಗೇ ಸರ್ಕಾರದ ಸೇಫ್ ಸಿಟಿ ಯೋಜನೆಯಲ್ಲಿ ಸಾವಿರಾರು ಕ್ಯಾಮೆರಾ ಬಂದಿವೆ, ಆದರೂ ಬೆಳಗಿನ ಹೊತ್ತು ಧೈರ್ಯವಾಗಿ ಬಂದು ಕಿತ್ತುಕೊಂಡು ಹೋಗುತ್ತಾರಲ್ಲ? ಕ್ಯಾಮೆರಾ ನೋಡಿ ಕಳ್ಳ ನಿಜವಾಗಿ ಹೆದರುತ್ತಾನಾ? ಅನುಭವ ಇರುವವರು ದಯವಿಟ್ಟು ಹೇಳಿ. ಭಾನುವಾರ ಸಭೆ ಇದೆ.

ವೈರಿಂಗ್ ಕೆಲಸ:

ಸರ್, ಅಮ್ಮ ಹುಷಾರಾಗಿದ್ದಾರೆ ಅಂತ ಕೇಳಿ ಸಮಾಧಾನ ಆಯಿತು. ನಾನು ಕ್ಯಾಮೆರಾ ಹಾಕುವ ಕೆಲಸದಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ, ನನಗೆ ವ್ಯಾಪಾರ ಆಗುವ ವಿಷಯ ಇದು, ಆದರೂ ಹೇಳುತ್ತೇನೆ: ಎಂಟು ಕ್ಯಾಮೆರಾ ಬೇಡ.

ನಿಮ್ಮ ಎದುರು ಮನೆಯ ಕ್ಯಾಮೆರಾ ಕೆಟ್ಟಿಲ್ಲ. ಮನೆಗೆ ಹಾಕುವ ಮಾಮೂಲಿ ಕ್ಯಾಮೆರಾದ ಲೆನ್ಸ್ ಅಗಲಕ್ಕೆ ನೋಡುತ್ತೆ, ಅದಕ್ಕೆ ಬೀದಿ ಪೂರ್ತಿ ಕಾಣುತ್ತೆ, ಆದರೆ ಯಾವುದೂ ಹತ್ತಿರದಿಂದ ಕಾಣುವುದಿಲ್ಲ. ಕತ್ತಲಲ್ಲಿ ಹೆಡ್‌ಲೈಟ್ ಎದುರಿಗೆ ಬಂದರೆ ಪ್ಲೇಟು ಬೆಳಕಲ್ಲಿ ಮುಳುಗಿ ಹೋಗುತ್ತೆ. ನಂಬರ್ ಹಿಡಿಯಬೇಕು ಅಂದರೆ ಅದಕ್ಕೇ ಬೇರೆ ಕ್ಯಾಮೆರಾ ಬೇಕು: ದೂರದ್ದನ್ನು ಹತ್ತಿರಕ್ಕೆ ತೋರಿಸುವ 12 ಎಂಎಂ ಅಥವಾ ಅದಕ್ಕಿಂತ ಜಾಸ್ತಿ ಲೆನ್ಸ್, ಓಡುವ ಗಾಡಿ ಮಸುಕಾಗದ ಹಾಗೆ ಷಟರ್ ವೇಗ ಏರಿಸಿರಬೇಕು, ಗಾಡಿ ನಿಧಾನ ಆಗುವ ಜಾಗಕ್ಕೆ, ಅಂದರೆ ಹಂಪ್ ಅಥವಾ ತಿರುವಿಗೆ, ನೇರವಾಗಿ ತಿರುಗಿಸಿರಬೇಕು. ಬೀದಿಗೆ ಎರಡು ಬಾಯಿ ಇದ್ದರೆ ಅಂಥವು ಎರಡು, ಜೊತೆಗೆ ಮಾಮೂಲಿ ಎರಡು ಸಾಕು.

ಇನ್ನು ಹಾರ್ಡ್‌ಡಿಸ್ಕ್. ಇಲ್ಲೇ ಎಲ್ಲರೂ ಏಮಾರುವುದು. 2 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದು ದಿನಕ್ಕೆ ಸುಮಾರು 20 ಜಿಬಿ ತಿನ್ನುತ್ತೆ. ಎಂಟು ಕ್ಯಾಮೆರಾಗೆ 1 ಟಿಬಿ ಡಿಸ್ಕ್ ಕೊಟ್ಟು ಹೋದರೆ ಆರೇ ದಿನ, ಏಳನೇ ದಿನ ಹಳೆಯದರ ಮೇಲೆ ಬರೆದುಕೊಳ್ಳುತ್ತೆ. ಕಳ್ಳರು ಕೆಲಸಕ್ಕೆ ಮುಂಚೆ ಬೀದಿ ನೋಡಿಕೊಂಡು ಹೋಗಿರುತ್ತಾರೆ, ಅವತ್ತಿನ ಫುಟೇಜ್ ನಿಮ್ಮ ಹತ್ತಿರ ಇರುವುದೇ ಇಲ್ಲ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜಾಸ್ತಿ ಜನ ಸೇರುವ ಕಡೆಗಳಲ್ಲಿ 30 ದಿನ ಇಟ್ಟುಕೊಳ್ಳಿ ಎನ್ನುತ್ತೆ, ನೀವೂ ಅದನ್ನೇ ಲೆಕ್ಕ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಹಾಕಿಸಿದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ. ರಾತ್ರಿ ಕ್ಯಾಮೆರಾದ ಐಆರ್ (ಇನ್ಫ್ರಾರೆಡ್) ಬೆಳಕಿಗೆ ಹುಳ ಬರುತ್ತೆ, ಹುಳ ತಿನ್ನಲು ಜೇಡ ಬಂದು ಲೆನ್ಸ್ ಮುಂದೆಯೇ ಬಲೆ ಕಟ್ಟುತ್ತೆ. ಪಕ್ಕದ ಹೊಂಗೆ ಮರದ ಕೊಂಬೆ ಆರು ತಿಂಗಳಲ್ಲಿ ಅಡ್ಡ ಬರುತ್ತೆ. ಕರೆಂಟ್ ಹೋದರೆ ಯುಪಿಎಸ್ ಇರಲ್ಲ. ನಾನು ಹಾಕಿದ ಎಷ್ಟೋ ಕಡೆ ಕಳ್ಳತನ ಆದ ದಿನವೇ ಗೊತ್ತಾಗಿದ್ದು, ಕ್ಯಾಮೆರಾ ನಿಂತು ತಿಂಗಳಾಗಿದೆ ಅಂತ. ಆ ಮನೆಯವರ ಮುಖ ನೋಡಲು ಆಗುವುದಿಲ್ಲ ಸರ್. ತಿಂಗಳಿಗೊಂದು ದಿನ ಒರೆಸಿ, ಗಡಿಯಾರ ಸರಿ ಇದೆಯಾ ನೋಡಲು ಒಬ್ಬರನ್ನು ಗೊತ್ತು ಮಾಡಿ. ಆಮೇಲೆ ಪಾಸ್‌ವರ್ಡ್, ಬಾಕ್ಸ್‌ನಲ್ಲಿ ಬಂದಿದ್ದನ್ನೇ ದಯವಿಟ್ಟು ಬಿಡಬೇಡಿ. 2025ರಲ್ಲಿ ಗುಜರಾತಿನ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾ ದೃಶ್ಯಗಳು ಆನ್‌ಲೈನಿನಲ್ಲಿ ಮಾರಾಟಕ್ಕೆ ಬಂದಿದ್ದವು.

ನಿವೃತ್ತ ಹೊಯ್ಸಳ:

ನಾನು ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವನು. ಕಳ್ಳ ಹೆದರುತ್ತಾನಾ ಅಂತ ಕೇಳಿದ್ದೀರಿ. ಸರಗಳ್ಳ ಹೆದರುವುದು ಕಮ್ಮಿ. ಮೊದಲು ಒಂದು ಬೈಕ್ ಕದಿಯುತ್ತಾನೆ, ಪ್ಲೇಟು ಬದಲಾಯಿಸುತ್ತಾನೆ, ಕೆಲಸ ಮುಗಿಸಿ ಎರಡು ಕಿಲೋಮೀಟರ್ ಆಚೆ ಶರ್ಟ್ ಬದಲಾಯಿಸುತ್ತಾನೆ. ಕ್ಯಾಮೆರಾ ಇರುತ್ತೆ ಅಂತ ಗೊತ್ತಿದ್ದೇ ಬರುವವನು ಅವನು.

ಹಾಗಂತ ಕ್ಯಾಮೆರಾ ದಂಡ ಎನ್ನಬೇಡಿ. ಅವನನ್ನು ಹಿಡಿಯುವುದು ನಿಮ್ಮ ಬೀದಿಯ ಕ್ಯಾಮೆರಾ ಒಂದರಿಂದಲೇ ಅಲ್ಲ. ನಿಮ್ಮದರಿಂದ ಮುಂದಿನ ಸರ್ಕಲ್ಲಿನದಕ್ಕೆ, ಅಲ್ಲಿಂದ ಬೇಕರಿಯದಕ್ಕೆ, ಪೆಟ್ರೋಲ್ ಬಂಕಿನದಕ್ಕೆ ಹೀಗೆ ಒಂದೊಂದೇ ಪೋಣಿಸಿಕೊಂಡು ಹೋಗುತ್ತೇವೆ, ಎಲ್ಲೋ ಒಂದು ಕಡೆ ಟೀ ಕುಡಿಯಲು ಹೆಲ್ಮೆಟ್ ತೆಗೆದಿರುತ್ತಾನೆ. ಅದಕ್ಕೇ ಗಡಿಯಾರ ಸರಿ ಇರಬೇಕು ಅಂತ ಮೇಲಿನವರು ಹೇಳಿದ್ದು ಲಕ್ಷದ ಮಾತು. ಒಂದು ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ) ಹತ್ತು ನಿಮಿಷ ಮುಂದೆ, ಇನ್ನೊಂದು ಕಾಲು ಗಂಟೆ ಹಿಂದೆ ಇದ್ದರೆ ಹುಡುಕುವವರ ರಾತ್ರಿಯೆಲ್ಲ ಅದರಲ್ಲೇ ಕಳೆಯುತ್ತೆ. ನಮ್ಮ ಬೆಂಗಳೂರಿನ ರಾಮೇಶ್ವರಂ ಕೆಫೆ ನೆನಪಿಸಿಕೊಳ್ಳಿ. 2024ರ ಮಾರ್ಚ್ 1ಕ್ಕೆ ಸ್ಫೋಟ. ಒಳಗೂ ಹೊರಗೂ ಕ್ಯಾಮೆರಾ ಇದ್ದವು, ಟೋಪಿ ಮಾಸ್ಕ್ ಹಾಕಿಕೊಂಡು ಬಂದವನು ಬಾಂಬಿನ ಬ್ಯಾಗ್ ಇಟ್ಟು ಹೋದ. ತಡೆಯಲು ಆಗಲಿಲ್ಲ. ಆದರೆ ಫುಟೇಜ್‌ನ ಜಾಡು ಸಿಕ್ಕಿತು, 42ನೇ ದಿನ ಪಶ್ಚಿಮ ಬಂಗಾಳದಲ್ಲಿ ಆರೋಪಿಗಳನ್ನು ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎ ಬಂಧಿಸಿತು.

ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಾಂಡ್ ಸೆಂಟರ್‌ಗೆ ನೀವು ಹೇಳಿದ ಸೇಫ್ ಸಿಟಿಯ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳ ದೃಶ್ಯ ಬರುತ್ತೆ. ಹೆಣ್ಣುಮಕ್ಕಳ ಸುರಕ್ಷತೆಗೆ ಇಟ್ಟ ನಿರ್ಭಯಾ ನಿಧಿಯ ದುಡ್ಡು ಅದು, ಕೇಂದ್ರ 60 ರಾಜ್ಯ 40 ಪಾಲು. ಒಳ್ಳೆಯದೇ. ಆದರೆ ಪರದೆ ಮುಂದೆ ಕೂತವರಿಗೆ ಎರಡೇ ಕಣ್ಣು. ಕಂಡಿದ್ದಕ್ಕೆ ತಕ್ಷಣ ಪೊಲೀಸರ ಹೊಯ್ಸಳ ಗಸ್ತು ಗಾಡಿ ಬಂದರೆ ಮಾತ್ರ ಪುಂಡರಿಗೆ ಭಯ. ನಿಮ್ಮ ಬೀದಿಯಲ್ಲಿ ಬೆಳಿಗ್ಗೆ ಐದರಿಂದ ಏಳು ಗಂಟೆ ತನಕ ಪೊಲೀಸ್ ಬೀಟ್ (ಗಸ್ತು) ಹಾಕಿಸಿ ಅಂತ ಇನ್‌ಸ್ಪೆಕ್ಟರಿಗೆ ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಓದುಗ 560:

ಇದರ ಬಗ್ಗೆ 2019ರಲ್ಲಿ ಒಂದು ದೊಡ್ಡ ಸಮೀಕ್ಷೆ ಬಂತು. ನಲವತ್ತು ವರ್ಷದಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಕ್ಯಾಮೆರಾ ಇರುವ ಕಡೆ ಅಪರಾಧ ಸರಾಸರಿ ನೂರಕ್ಕೆ 13ರಷ್ಟು ಕಮ್ಮಿ. ಜಾಸ್ತಿ ಲಾಭ ಆಗಿದ್ದು ವಾಹನ ನಿಲುಗಡೆ ಜಾಗಗಳಲ್ಲಿ. ಹೊಡೆದಾಟ, ಹಲ್ಲೆಯಂಥವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಸುಮ್ನೆ ರೆಕಾರ್ಡ್ ಆಗುವುದಕ್ಕಿಂತ ಯಾರಾದರೂ ಕೂತು ನೋಡುತ್ತಿದ್ದ ಕಡೆ ಫಲ ಜಾಸ್ತಿ. ನಿವೃತ್ತರು ಹೇಳಿದ್ದೂ ಅದೇ.

ಎರಡನೇ ಪಾಳಿ:

ನಾನು ರಾತ್ರಿ ಹನ್ನೊಂದೂವರೆಗೆ ಕ್ಯಾಬ್ ಇಳಿದು ಮನೆಗೆ ನಡೆಯುವವಳು. ಸ್ವಲ್ಪ ನನ್ನ ಮಾತನ್ನೂ ಕೇಳಿ.

2017ರ ಹೊಸವರ್ಷದ ರಾತ್ರಿ ಕಮ್ಮನಹಳ್ಳಿಯಲ್ಲಿ ಮನೆಗೆ ನಡೆದು ಹೋಗುತ್ತಿದ್ದ ಹುಡುಗಿಯನ್ನು ಸ್ಕೂಟರಿನಲ್ಲಿ ಬಂದವರು ಹಿಡಿದೆಳೆದು ಕಿರುಕುಳ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಒಂದು ಮನೆಯ ಕ್ಯಾಮೆರಾ ಇರಲಿಲ್ಲ ಅಂದಿದ್ದರೆ ಆ ಹುಡುಗಿಗೆ ಹಾಗಾಯಿತು ಅಂತ ಯಾರೂ ನಂಬುತ್ತಿರಲಿಲ್ಲ. ಒಂದೇ ವಾರದೊಳಗೆ ಆರೋಪಿಗಳು ಸಿಕ್ಕರು. ಆದ್ದರಿಂದ ಕ್ಯಾಮೆರಾ ಬೇಕು, ನಾನು ಬೇಡ ಎನ್ನುವವಳಲ್ಲ.

ಆದರೆ ನಮ್ಮ ಬೀದಿಯಲ್ಲೂ ಹಾಕಿದರು. ಆ ಕ್ಯಾಮೆರಾ ಸಂಘದ ಏಳೆಂಟು ಜನರ ಮೊಬೈಲಿನಲ್ಲಿ ಬರುತ್ತೆ. ಒಂದು ದಿನ ನನ್ನನ್ನು ಸಹೋದ್ಯೋಗಿ ಗಾಡಿಯಲ್ಲಿ ಮನೆ ತನಕ ಬಿಟ್ಟು ಹೋದರು. ಮಾರನೇ ದಿನ ಆ ಚಿತ್ರ ಬೀದಿಯ ವಾಟ್ಸಾಪ್ ಗುಂಪಿನಲ್ಲಿತ್ತು, ಕೆಳಗೆ ನಾಲ್ಕು ಮಾತು. ನಮ್ಮಪ್ಪ ಆ ಗುಂಪಿನಲ್ಲಿದ್ದಾರೆ. ಅವರು ನನ್ನನ್ನು ಏನೂ ಕೇಳಲಿಲ್ಲ, ಆದರೆ ಅವತ್ತು ಊಟಕ್ಕೆ ಕೂತಾಗ ಯಾರೂ ಮಾತಾಡಲಿಲ್ಲ. ಆ ಬೀದಿಯಲ್ಲಿ ನನಗೆ ಭಯ ಹುಟ್ಟಿಸಿದ್ದು ಕಳ್ಳರಲ್ಲ. ಅಣ್ಣಾ, ನೀವು ಹಾಕಿಸಿ, ಆದರೆ ಯಾರ ಮೊಬೈಲಿನಲ್ಲೂ ಬರದ ಹಾಗೆ ಹಾಕಿಸಿ. ಪೆಟ್ಟಿಗೆಗೆ ಬೀಗ ಇರಲಿ, ಘಟನೆ ಆದಾಗ ಮಾತ್ರ ಇಬ್ಬರು ಸೇರಿ ತೆಗೆಯಲಿ, ಆ ಇಬ್ಬರಲ್ಲಿ ಒಬ್ಬರು ಹೆಂಗಸು ಇರಲಿ.

ಮತ್ತೆ ಬೀದಿದೀಪ! ಮೂಲೆಯ ಕಂಬದಲ್ಲಿ ದೀಪ ಉರಿದರೆ ನನಗೆ ಎದುರಿಗೆ ಬರುವವರ ಮುಖ ಕಾಣುತ್ತೆ, ಓಡಬೇಕಾ ನಿಲ್ಲಬೇಕಾ ಗೊತ್ತಾಗುತ್ತೆ. ಕ್ಯಾಮೆರಾದಿಂದ ಆ ಹೊತ್ತಿಗೆ ನನಗೆ ಏನೂ ಗೊತ್ತಾಗುವುದಿಲ್ಲ.

ಕೋರ್ಟ್ ಹಾಲ್:

ವಕೀಲನಾಗಿ ಎರಡು ಮಾತು. ಮೊದಲು ಅಮ್ಮನ ಕೇಸಿನದು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಓಡುವುದಕ್ಕೆ 304ನೇ ಕಲಂ ಬೇರೆಯೇ ಇದೆ, ಮೂರು ವರ್ಷದವರೆಗೆ ಶಿಕ್ಷೆ. ಆದರೆ ಎಳೆಯುವಾಗ ಗಾಯ ಮಾಡಿದ್ದರೆ ಅದು ಸುಲಿಗೆ ಆಗಬಹುದು, 309ನೇ ಕಲಂ, ಹತ್ತು ವರ್ಷದವರೆಗೆ. ಕತ್ತಿನ ಗಾಯದ ವೈದ್ಯರ ಚೀಟಿ ಠಾಣೆಗೆ ಕೊಟ್ಟಿದ್ದೀರಾ? ಕೊಟ್ಟಿಲ್ಲದಿದ್ದರೆ ನಾಳೆಯೇ ಕೊಡಿ.

ಎರಡನೆಯದು ಫುಟೇಜ್. ಮೊಬೈಲಿನಲ್ಲಿ ಪರದೆಯ ವಿಡಿಯೋ ತೆಗೆದು ವಾಟ್ಸಾಪ್ ಮಾಡಿದ್ದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಡಿವಿಆರ್‌ನಿಂದ ನೇರ ಪೆನ್‌ಡ್ರೈವಿಗೆ ತೆಗೆದು, ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಹ್ಯಾಶ್ ಮೌಲ್ಯ (ಫೈಲನ್ನು ತಿದ್ದಿಲ್ಲ ಎಂದು ತೋರಿಸುವ ಗುರುತಿನ ಸಂಖ್ಯೆ) ಸಮೇತ ಪ್ರಮಾಣಪತ್ರ ಬೇಕು. ಎದುರು ಮನೆಯವರು ಅಳಿಸುವ ಮೊದಲು ಇವತ್ತೇ ವಿಚಾರಿಸಿ.

ಕ್ಯಾಮೆರಾ ಒಂದನ್ನೇ ನಂಬಬಾರದು ಅನ್ನುವುದಕ್ಕೆ ನಮ್ಮ ಕಾರ್ಪೊರೇಷನ್ ವೃತ್ತದ ಎಟಿಎಂ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ಬೇಡ. 2013ರ ನವೆಂಬರ್ 19ರ ಬೆಳಿಗ್ಗೆ. ಒಬ್ಬ ಒಳಗೆ ಬಂದು ಬಾಗಿಲಿನ ಷಟರ್ ಎಳೆದದ್ದು, ಮಚ್ಚು ತೆಗೆದದ್ದು, ದುಡ್ಡು ತೆಗೆಯಲು ಬಂದಿದ್ದ ಹೆಣ್ಣುಮಗಳಿಗೆ ಹೊಡೆದದ್ದು ಎಲ್ಲವೂ ರೆಕಾರ್ಡ್ ಆಗಿತ್ತು, ಅವನ ಮುಖ ದೇಶಕ್ಕೆಲ್ಲ ಟಿವಿಯಲ್ಲಿ ಕಂಡಿತು. ಅವನು ಮದನಪಲ್ಲಿಯಲ್ಲಿ ಸಿಕ್ಕಿದ್ದು 2017ರಲ್ಲಿ. ಶಿಕ್ಷೆ ಆಗಿದ್ದು 2021ರಲ್ಲಿ. ಮುಖ ಗುರುತಿಸುವ ತಂತ್ರಾಂಶ ಬಂದರೆ ಎಲ್ಲ ಸರಿಹೋಗುತ್ತೆ ಎನ್ನುವವರಿಗೂ ಒಂದು ಮಾತು: 2018ರಲ್ಲಿ ಕಾಣೆಯಾದ ಮಕ್ಕಳ ವಿಚಾರಣೆಯಲ್ಲಿ ದೆಹಲಿ ಪೊಲೀಸರೇ ಅಲ್ಲಿನ ಹೈಕೋರ್ಟಿಗೆ ತಮ್ಮ ತಂತ್ರಾಂಶದ ನಿಖರತೆ ನೂರಕ್ಕೆ 2 ಎಂದು ಹೇಳಿದ್ದರು. ತಪ್ಪು ಮುಖ ತೋರಿಸಿದರೆ ಠಾಣೆಗೆ ಅಲೆಯುವವನು ಯಾರೋ ಬಡಪಾಯಿ ಅಲ್ವಾ?

ಎರಡನೇ ಪಾಳಿಯ ಮೇಡಂ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆ ಅರ್ಜಿ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. ಸಂಘದ ನಡಾವಳಿ ಪುಸ್ತಕದಲ್ಲಿ ಫುಟೇಜ್ ಯಾರು ನೋಡಬಹುದು, ಎಷ್ಟು ದಿನಕ್ಕೆ ಅಳಿಸಬೇಕು ಎಂದು ಬರೆದು ಸಹಿ ಹಾಕಿಸಿ.

ಮೂರನೇ ಅಡ್ಡರಸ್ತೆ:

ಇಷ್ಟೊಂದು ಜನ ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎರಡನೇ ಪಾಳಿಯ ತಂಗಿ, ನಿಮ್ಮ ಮಾತು ಓದಿ ತುಂಬಾ ಬೇಜಾರಾಯಿತು. ನಮ್ಮ ಸಂಘದವರೂ ಎಲ್ಲರ ಮೊಬೈಲಿಗೂ ಕೊಡಿಸುತ್ತೇವೆ ಅಂತಲೇ ಹೇಳಿದ್ದರು, ನನಗೂ ಅದು ಅನುಕೂಲ ಅನಿಸಿತ್ತು. ಅದು ಬೇಡ ಅಂತ ಭಾನುವಾರ ನಾನೇ ಎದ್ದು ಹೇಳುತ್ತೇನೆ.

ಗಾಯದ ಚೀಟಿ ಕೊಟ್ಟಿರಲಿಲ್ಲ. ಇವತ್ತು ಕೊಟ್ಟು ಬಂದೆ. ಎದುರು ಮನೆಯವರ ಫುಟೇಜ್ ಡಿವಿಆರ್‌ನಲ್ಲಿ ಅಳಿಸಿಹೋಗಿದೆ, ಮೊಬೈಲಿನದ್ದು ಮಾತ್ರ ಉಳಿದಿದೆ.

ನಮ್ಮ ಮೂಲೆಯ ಕಂಬದ ದೀಪ ಎರಡು ತಿಂಗಳಿಂದ ಉರಿಯುತ್ತಿಲ್ಲ, ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಾಲ್ಕು ಕ್ಯಾಮೆರಾಗೆ ಒಪ್ಪಿಸಿ, ಉಳಿದ ದುಡ್ಡಿನಲ್ಲಿ ಗೇಟುಗಳಿಗೆ ದೀಪ ಹಾಕಿಸುವಂತೆ ಕೇಳುತ್ತೇನೆ. ಬೀಟ್‌ಗೆ ಪತ್ರವೂ ರೆಡಿ ಇದೆ. ವೈರಿಂಗ್ ಅವರೇ, ಆ ನಂಬರ್ ಪ್ಲೇಟ್ ಕ್ಯಾಮೆರಾ ಎಷ್ಟು ಎತ್ತರಕ್ಕೆ ಕೂರಿಸಬೇಕು? ನಮ್ಮವರು ಕಂಬದ ತುದಿಗೆ ಎನ್ನುತ್ತಿದ್ದಾರೆ.

ವೈರಿಂಗ್ ಕೆಲಸ:

ತುದಿಗೆ ಬೇಡ ಸರ್. ಅಲ್ಲಿಂದ ಹೆಲ್ಮೆಟ್ಟಿನ ತಲೆ ಮಾತ್ರ ಕಾಣುತ್ತೆ. ಎಂಟರಿಂದ ಹತ್ತು ಅಡಿ, ಹಂಪಿನ ಕಡೆಗೆ ಮುಖ ಮಾಡಿ. ಹಾಕಿದ ದಿನ ರಾತ್ರಿ ನಿಮ್ಮದೇ ಬೈಕ್ ಲೈಟ್ ಹಾಕಿಕೊಂಡು ನಾಲ್ಕು ಸಲ ಓಡಿಸಿ ನೋಡಿ, ನಂಬರ್ ಓದಲು ಬಂದರೆ ಮಾತ್ರ ದುಡ್ಡು ಕೊಡಿ.