‘ಕ್ಲಿಯರೆನ್ಸ್’ಗೆ ಏನನ್ನೋಣ? ತೆರವೋ, ತೆರಪೋ, ಎಡೆಯೋ

ಎಲ್ಲರಿಗೂ ನಮಸ್ಕಾರ.

ಮೂರು ವಾರದಿಂದ ಒಂದೇ ಪದಕ್ಕೆ ಜೋತುಬಿದ್ದಿದ್ದೇನೆ. ಪದ ‘ಕ್ಲಿಯರೆನ್ಸ್’. ಹಳೇ ಸರಕು ತೀರಿಸುವ ಮಾರಾಟದ ಕ್ಲಿಯರೆನ್ಸ್ ಅಲ್ಲ, ಕಡತಕ್ಕೆ ಮೇಲಿನವರಿಂದ ಸಿಗುವ ಕ್ಲಿಯರೆನ್ಸೂ ಅಲ್ಲ. ಒಂದು ವಸ್ತು ಇನ್ನೊಂದಕ್ಕೆ ತಾಗದ ಹಾಗೆ ಇರಲು ಬೇಕಾದ ಜಾಗ ಅನ್ನೋ ಅರ್ಥದ್ದು.

ಸಂದರ್ಭ ಹೇಳಿಬಿಡುತ್ತೇನೆ. ಬಿಡಿಭಾಗ ತಂದು ತಾವೇ ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿಕೊಳ್ಳುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಈಗ ದೊಡ್ಡ ಏರ್ ಕೂಲರ್ ಕೂರಿಸುವ ಭಾಗದಲ್ಲಿದ್ದೇನೆ. ಕೋಣೆಗೆ ಇಡುವ ಕೂಲರ್ ಅಲ್ಲ. ಪ್ರೊಸೆಸರ್ ನೆತ್ತಿಯ ಮೇಲೆ ಕೂರುವುದು. ತಾಮ್ರದ ಕೊಳವೆಗಳು, ಅವಕ್ಕೆ ಪೋಣಿಸಿದ ಅಲ್ಯುಮಿನಿಯಂ ತಗಡುಗಳು, ಪಕ್ಕಕ್ಕೆ ಒಂದೋ ಎರಡೋ ಫ್ಯಾನು. ದೊಡ್ಡದು ಅಂದರೆ ನಿಜಕ್ಕೂ ದೊಡ್ಡದು. ನಾಕ್ಟುವಾದವರ ಎನ್‌ಎಚ್-ಡಿ15 ಅನ್ನೋದು 165 ಮಿ.ಮೀ. ಎತ್ತರ, 150 ಮಿ.ಮೀ. ಅಗಲ. ಎರಡೂ ಫ್ಯಾನ್ ಸೇರಿದರೆ 1.3 ಕೆ.ಜಿ. ತೂಗುತ್ತದೆ. ಇಂಥದ್ದು ಕಂಪ್ಯೂಟರಿನ ಡಬ್ಬಿಯೊಳಗೆ, ಅಂದರೆ ಕ್ಯಾಬಿನೆಟ್ಟಿನೊಳಗೆ ಹೋಗಬೇಕಾದರೆ ಮೊದಲು ನೋಡಬೇಕಾದದ್ದೇ ಈ ಕ್ಲಿಯರೆನ್ಸ್.

ಕ್ಯಾಬಿನೆಟ್ ಜೊತೆ ಬರುವ ಹಾಳೆಯಲ್ಲಿ ‘ಸಿಪಿಯು ಕೂಲರ್ ಕ್ಲಿಯರೆನ್ಸ್ 160 ಮಿ.ಮೀ.’ ಅಂತ ಇರುತ್ತದಲ್ಲ, ಅದನ್ನು ನಾನು ಕರಡಿನಲ್ಲಿ ‘ಕೂಲರ್‌ಗೆ 160 ಮಿ.ಮೀ. ಎತ್ತರದ ತೆರವು’ ಎಂದು ಬರೆದೆ. ಓದೋಕೆ ಚೆನ್ನಾಗಿಯೇ ಇತ್ತು. ತಂಗಿಯ ಮಗ ಆಗತಾನೆ ಅಂಥದ್ದೇ ಒಂದು ಕ್ಯಾಬಿನೆಟ್ ತಂದಿದ್ದ. ಅವನಿಗೇ ಕರಡು ಕೊಟ್ಟೆ. ಅವನು ಓದಿಕೊಂಡದ್ದು ಹೀಗೆ: ಕೂಲರ್‌ಗೆ ಮೇಲ್ಗಡೆ ಕಡಿಮೆ ಅಂದ್ರೂ 160 ಮಿ.ಮೀ. ಜಾಗ ಬೇಕು. ಕ್ಯಾಬಿನೆಟ್ಟನ್ನು ನೆಟ್ಟಗೆ ನಿಲ್ಲಿಸಿ, ಟೇಪು ಹಿಡಿದು, ಪ್ರೊಸೆಸರಿನಿಂದ ಮೇಲಿನ ಮುಚ್ಚಳದವರೆಗೆ ಅಳೆದ. ಬೇಕಾದಷ್ಟಿತ್ತು. 165ರ ಕೂಲರ್ ತಂದ, ಪೇಸ್ಟ್ ಹಚ್ಚಿದ, ಸ್ಕ್ರೂ ಬಿಗಿದ. ಕೊನೆಗೆ ಪಕ್ಕದ ಗಾಜಿನ ಬಾಗಿಲು ಹಾಕೋಕೆ ಹೋದರೆ ತಾಮ್ರದ ಕೊಳವೆಗಳ ಮೊನೆ ಗಾಜಿಗೆ ‘ಟಿಕ್’ ಅಂತ ತಾಗಿತು. ‘ದೊಡ್ಡಮ್ಮಾ, ಮೇಲ್ಗಡೆ ಇನ್ನೂ ನಾಲ್ಕು ಬೆರಳು ಜಾಗ ಇದೆ. ನೀವು ಹೇಳಿದ ತೆರವು ಇದೇ ಅಲ್ವಾ?’ ಅಂತ ಫೋನ್ ಮಾಡಿದ.

ತಪ್ಪು ಅವನದಲ್ಲ, ನನ್ನ ವಾಕ್ಯದ್ದು. ಅದೂ ಒಂದು ತಪ್ಪಲ್ಲ, ಎರಡು.

ಮೊದಲನೆಯದು ‘ಎತ್ತರ’. ಕೂಲರಿನ ಎತ್ತರ ಅಳೆಯುವುದು ಪ್ರೊಸೆಸರ್ ಕೂರುವ ಹಲಗೆಯನ್ನು, ಅಂದರೆ ಮದರ್‌ಬೋರ್ಡನ್ನು ಮೇಜಿನ ಮೇಲೆ ಮಲಗಿಸಿದಾಗ, ಪ್ರೊಸೆಸರಿನಿಂದ ಮೇಲಕ್ಕೆ. ಆದರೆ ನೆಟ್ಟಗೆ ನಿಲ್ಲುವ ಕ್ಯಾಬಿನೆಟ್ಟಿನಲ್ಲಿ ಮದರ್‌ಬೋರ್ಡ್ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಾಗೆ ನಿಂತಿರುತ್ತದೆ. ಆಗ ಕೂಲರಿನ ‘ಎತ್ತರ’ ಪಕ್ಕಕ್ಕೆ ತಿರುಗಿ, ಬಾಗಿಲಿನ ಕಡೆ ಚಾಚಿಕೊಳ್ಳುತ್ತದೆ. ಕನ್ನಡದಲ್ಲಿ ಎತ್ತರ ಅಂದರೆ ನೆಲದಿಂದ ಆಕಾಶದ ಕಡೆಗೇ. ಅಡ್ಡಡ್ಡ ಹೋಗುವ ಎತ್ತರ ನಮ್ಮ ಕಿವಿಗೆ ಒಗ್ಗೋದಿಲ್ಲ. ಇಲ್ಲಿ ‘ಚಾಚು’ ಅನ್ನಬಹುದೇ? ಸೂರು ಚಾಚಿದೆ, ಕೊಂಬೆ ರಸ್ತೆಗೆ ಚಾಚಿದೆ ಅನ್ನುತ್ತೇವಲ್ಲ, ಹಾಗೆ ‘ಕೂಲರಿನ ಚಾಚು 165 ಮಿ.ಮೀ.’. ನನಗೆ ಹಿಡಿಸಿದೆ. ಆದರೆ ಪೆಟ್ಟಿಗೆಯ ಮೇಲೆಲ್ಲ ಎತ್ತರ ಅಂತಲೇ ಇರುವುದರಿಂದ ಓದುಗರು ಎರಡನ್ನೂ ತಾಳೆ ಹಾಕಿಕೊಳ್ಳಬೇಕಾಗುತ್ತದೆ.

ಎರಡನೆಯದು ‘ತೆರವು’. ಇದೇ ನನ್ನ ಮುಖ್ಯ ಪ್ರಶ್ನೆ. ದಿನಪತ್ರಿಕೆಯ ಕನ್ನಡದಲ್ಲಿ ತೆರವು ಅಂದರೆ ಇದ್ದದ್ದನ್ನು ತೆಗೆದುಹಾಕುವುದು: ಒತ್ತುವರಿ ತೆರವು, ತೆರವು ಕಾರ್ಯಾಚರಣೆ. ತೆರವಾದ ಹುದ್ದೆ ಅನ್ನುವಾಗ ಖಾಲಿ ಅನ್ನೋ ಅರ್ಥ ಬರುತ್ತದೆ ನಿಜ. ಆದರೂ ಜೆಸಿಬಿ ಸದ್ದು ಎಲ್ಲೋ ಹಿಂದೆ ಕೇಳಿಸುತ್ತಲೇ ಇರುತ್ತದೆ. ಎಷ್ಟು ಜಾಗ ಅನ್ನೋದನ್ನು ಇದು ಹೇಳುವುದಿಲ್ಲ.

ಇನ್ನೊಂದು ತೊಡಕು ಇದೆ. ವಾಹನಗಳ ಬಗ್ಗೆ ಓದುವವರಿಗೆ ‘ಗ್ರೌಂಡ್ ಕ್ಲಿಯರೆನ್ಸ್’ ಗೊತ್ತು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಉಳಿದಿರುವ ಜಾಗ. ಅಂದರೆ ವಸ್ತು ಇದ್ದ ಮೇಲೂ ಮಿಕ್ಕಿದ್ದು. ಕ್ಯಾಬಿನೆಟ್ ಹಾಳೆಯ ಕ್ಲಿಯರೆನ್ಸ್ ಅದಲ್ಲ. ರೈಲ್ವೆ ಕೆಳಸೇತುವೆಯ ಮುಂದೆ ಅಡ್ಡ ಕಟ್ಟಿದ ಕಬ್ಬಿಣದ ತೊಲೆ ಇರುತ್ತದಲ್ಲ, ‘ಇದಕ್ಕಿಂತ ಎತ್ತರದ ಲಾರಿ ಬರಬೇಡ’ ಅನ್ನುವಂಥದ್ದು, ಇದು ಆ ಜಾತಿಯದು. ಒಳಗೆ ಎಷ್ಟರವರೆಗಿನ ವಸ್ತು ಹೋಗಬಹುದು ಅನ್ನೋ ಮಿತಿ. ಇಂಗ್ಲಿಷಿಗೆ ಎರಡಕ್ಕೂ ಒಂದೇ ಪದ ಸಾಕಾಗಿದೆ. ನಮಗೂ ಒಂದೇ ಪದ ಬೇಕು ಅಂತ ನಾನು ಹಟ ಹಿಡಿದದ್ದೇ ತಪ್ಪೋ ಏನೋ. ಈಗ ಹಾಳೆಯ ಅಂಕಿಗೆ ‘ಕೂಲರಿನ ಎತ್ತರದ ಮಿತಿ’ ಎಂದು ತಿದ್ದಿದ್ದೇನೆ. ‘160 ಮಿ.ಮೀ. ಮಿತಿ’ ಅಂದರೆ 165ರದ್ದು ಹೋಗಲ್ಲ ಅಂತ ಯಾರಿಗಾದರೂ ತಿಳಿಯುತ್ತದೆ.

ಹಾಗಾದರೆ ಉಳಿದ ಜಾಗಕ್ಕೆ? ಅಲ್ಲೇ ‘ತೆರಪು’ ನೆನಪಾಯಿತು. ತೆರೆ ಅನ್ನುವುದರ ನಂಟಿನ ಹಳೆಯ ಪದ, ‘ತೆರಹು’ ಅಂತಲೂ ಉಂಟು. ರಾಮಾಯಣದ ಕವಿಗಳ ಭಾರಕ್ಕೆ ಫಣಿರಾಯ ತಿಣುಕಿದ, ಆ ಕಥೆಯಲ್ಲಿ ‘ಕಾಲಿಡಲು ತೆರಪಿಲ್ಲ’ ಅಂತ ಕುಮಾರವ್ಯಾಸ ಹೇಳಿದ್ದು ಎಲ್ಲರಿಗೂ ಗೊತ್ತಿರುವುದೇ. ನಮಗೆ ಬೇಕಾದ ಅರ್ಥ ಅಲ್ಲಿ ಅಚ್ಚುಕಟ್ಟಾಗಿ ಕೂತಿದೆ: ಇನ್ನೊಂದು ವಸ್ತು ಬಂದು ನಿಲ್ಲಲು ಇರುವ ಜಾಗ. ಆದರೆ ಇವತ್ತು ಸ್ಕ್ರೂಡ್ರೈವರ್ ಹಿಡಿದು ಕೂತ ಹುಡುಗನಿಗೆ ತೆರಪು ಅಂದರೆ ‘ಏನದು?’ ಅಂತಾನೆ. ‘ಎಡೆ’ ಎಲ್ಲರಿಗೂ ಗೊತ್ತು. ಆದರೆ ಎಡೆ ಅಂದಕೂಡಲೇ ದೇವರ ಮುಂದೆ ಇಡುವುದು ನೆನಪಾಗುತ್ತೆ. ‘ಸಂದು’ ಸರಿಯಾದ ಬಳಕೆಯ ಪದ, ಆದರೆ ಅದು ತೀರಾ ಕಿರಿದು. 30 ಮಿ.ಮೀ. ಜಾಗವನ್ನು ಸಂದು ಅನ್ನಲಾದೀತೆ? ‘ಅಂತರ’ ಎರಡು ಬಿಂದುಗಳ ದೂರ ಹೇಳುತ್ತದೆ, ನಡುವೆ ಏನಾದರೂ ಹಿಡಿಯುತ್ತದೋ ಇಲ್ಲವೋ ಹೇಳುವುದಿಲ್ಲ.

ಈ ಉಳಿದ ಜಾಗದ ಲೆಕ್ಕ ಎಲ್ಲಕ್ಕಿಂತ ಜಾಸ್ತಿ ಕಾಡುವುದು ರ್‍ಯಾಮ್ ಹತ್ತಿರ. ಕೂಲರಿನ ಮುಂದಿನ ಫ್ಯಾನು ರ್‍ಯಾಮ್ ಪಟ್ಟಿಗಳ ಮೇಲೆ ಬಾಗಿ ನಿಲ್ಲುತ್ತದೆ. ಮೇಲೆ ಹೇಳಿದ ಡಿ15ರಲ್ಲಿ ಎರಡೂ ಫ್ಯಾನ್ ಹಾಕಿದರೆ ಅದರಡಿ 32 ಮಿ.ಮೀ. ಇರುತ್ತದೆ. ಸಾದಾ ಡಿಡಿಆರ್4 ಪಟ್ಟಿಯ ಎತ್ತರ 31ಕ್ಕೆ ಸ್ವಲ್ಪ ಮೇಲೆ. ಕಾಗದ ತೂರಿಸುವಷ್ಟು ಉಳಿಯಿತು ಅನ್ನಿ. ಅದೇ ಪಟ್ಟಿಗೆ ಬಣ್ಣದ ದೀಪ, ಲೋಹದ ಕಿರೀಟ ಎಲ್ಲ ಇದ್ದರೆ ಫ್ಯಾನನ್ನು ಮೇಲಕ್ಕೆ ಸರಿಸಿ ಕ್ಲಿಪ್ ಹಾಕಬೇಕು. ಸರಿಸಿದಷ್ಟೂ ಒಟ್ಟು ಎತ್ತರ ಏರುತ್ತದೆ, ಆ ಕಡೆ ಬಾಗಿಲಿಗೆ ತಾಗುತ್ತದೆ. ಇಲ್ಲಿ ಬಿಟ್ಟರೆ ಅಲ್ಲಿ ಇಲ್ಲ. ಒಂದೇ ವಾಕ್ಯದಲ್ಲಿ ಎರಡು ಥರದ ಕ್ಲಿಯರೆನ್ಸ್ ಬಂದುಬಿಡುತ್ತದೆ: ‘ರ್‍ಯಾಮ್ ಮೇಲೆ ತೆರಪು ಬೇಕೆಂದು ಫ್ಯಾನ್ ಏರಿಸಿದರೆ ಬಾಗಿಲ ಮಿತಿ ಮೀರಬಹುದು’. ನನಗಂತೂ ಈ ವಾಕ್ಯ ಸಲೀಸಾಗಿ ಅರ್ಥವಾಗುತ್ತಿದೆ. ಬರೆದವಳಿಗೆ ಅರ್ಥ ಆಗೋದು ದೊಡ್ಡ ಮಾತಲ್ಲ ಬಿಡಿ.

ಇಂಗ್ಲಿಷಿನ ‘ಫಿಟ್’ ಕೂಡ ಹೀಗೇ ಒಡೆದುಕೊಳ್ಳುತ್ತದೆ. ಅದು ಮಾತ್ರ ನಮಗೆ ಲಾಭವೇ. ಕೂಲರ್ ಬಿಗಿಯಲು ಮದರ್‌ಬೋರ್ಡಿನಲ್ಲಿರುವ ತೂತುಗಳ ಅಳತೆ ಹೊಂದಬೇಕು. ಪ್ರೊಸೆಸರ್ ಕೂರುವ ಸಾಕೆಟ್ ಯಾವುದು ಅನ್ನೋದರ ಮೇಲೆ ಅದು ಬದಲಾಗುತ್ತದೆ: ಇಂಟೆಲ್‌ನ ಎಲ್‌ಜಿಎ1200ರಲ್ಲಿ 75 ಮಿ.ಮೀ. ಚೌಕ, ಎಲ್‌ಜಿಎ1700ರಲ್ಲಿ 78 ಮಿ.ಮೀ. ಚೌಕ. ಮೂರೇ ಮಿ.ಮೀ. ವ್ಯತ್ಯಾಸ, ಆದರೂ ಕೂಲರನ್ನು ಬಿಗಿಯುವ ಹಳೆಯ ಲೋಹದ ಪಟ್ಟಿ ಹೊಂದೋದಿಲ್ಲ. ಆಮೇಲೆ ಕೂಲರ್ ಕ್ಯಾಬಿನೆಟ್ಟಿನಲ್ಲಿ ಹಿಡಿಯಬೇಕು. ಕೊನೆಗೆ ಪ್ರೊಸೆಸರ್ ಮೇಲೆ ಸರಿಯಾಗಿ ಕೂರಬೇಕು. ಹೊಂದು, ಹಿಡಿ, ಕೂರು. ಮೂರಕ್ಕೂ ಬೇರೆ ಬೇರೆ ಪದ, ಮೂರೂ ಮನೆಮಾತು. ಹಿಡಿಯೋ ಹಿಡಿಸೋ ಅನ್ನುವಲ್ಲಿ ಮಾತ್ರ ಎಚ್ಚರ. ‘ಈ ಕೂಲರ್ ನಿಮ್ಮ ಕ್ಯಾಬಿನೆಟ್ಟಿಗೆ ಹಿಡಿಸುತ್ತದೆಯೇ’ ಎಂದು ಬರೆದು, ಎರಡು ದಿನ ಬಿಟ್ಟು ಓದಿ ನಾನೇ ನಕ್ಕೆ. ಸಂಬಂಧ ಕುದುರಿಸುತ್ತಿರುವ ಹಾಗಿತ್ತು.

ಸಣ್ಣಪುಟ್ಟ ಸಂಶಯಗಳು ಇನ್ನೆರಡು. ಕೂಲರಿನ ತಗಡುಗಳಿಗೆ ‘ರೆಕ್ಕೆ’ ಅನ್ನುವವರಿದ್ದಾರೆ. ಆದರೆ ಫ್ಯಾನಿಗೂ ರೆಕ್ಕೆ ಇದೆ. ‘ರೆಕ್ಕೆಯ ಧೂಳು ಒರೆಸಿ’ ಅಂದರೆ ಯಾವ ರೆಕ್ಕೆ? ಅದಕ್ಕೇ ತಗಡು ಅಂತ ಇಟ್ಟುಕೊಂಡೆ. ‘ಹೀಟ್ ಪೈಪ್’ಗೆ ‘ಬಿಸಿಕೊಳವೆ’ ಅಂದರೆ ಮುಟ್ಟಿದರೆ ಸುಡುವ ಕೊಳವೆ ಅನ್ನಿಸುತ್ತದೆ. ಅದರ ಕೆಲಸ ಬಿಸಿ ಸಾಗಿಸುವುದು: ಒಳಗಿರುವ ಚೂರು ನೀರು ತಳದಲ್ಲಿ ಆವಿಯಾಗಿ, ತಗಡುಗಳ ಹತ್ತಿರ ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದಲ್ಲಿ ಹೀರಿಕೊಂಡು ವಾಪಸ್ ಬರುತ್ತದೆ. ‘ಕಾವುಗೊಳವೆ’ ಹೇಗೆ? ಕೋಳಿ ಮೊಟ್ಟೆಗೆ ಕೊಡುವ ಕಾವು, ಅಂದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಬಿಸಿ.

ಮತ್ತೆ ‘ಸಿಪಿಯು’. ಅದನ್ನು ಕೈಪಿಡಿಯಿಂದಲೇ ಕೈಬಿಟ್ಟೆ. ನಮ್ಮಲ್ಲಿ ಸಿಪಿಯು ಅಂದರೆ ಇಡೀ ಡಬ್ಬಿ. ‘ಸಿಪಿಯು ಮೇಲೆ ಕೂಲರ್ ಕೂರಿಸಿ’ ಅಂದರೆ ಡಬ್ಬಿಯ ತಲೆ ಮೇಲೆ ಇಟ್ಟಾರು. ಒಳಗಿನದಕ್ಕೆ ಪ್ರೊಸೆಸರ್, ಹೊರಗಿನದಕ್ಕೆ ಕ್ಯಾಬಿನೆಟ್. ಇದರಲ್ಲಿ ಚರ್ಚೆ ಬೇಡ.

ಈಗ ನಿಮ್ಮನ್ನು ಕೇಳಬೇಕಾದದ್ದು. ಬಡಗಿಗಳು ಬಾಗಿಲಿಗೂ ಚೌಕಟ್ಟಿಗೂ ನಡುವೆ ಬಿಡುವ ಜಾಗಕ್ಕೆ, ಗಾಡಿ ರಿಪೇರಿಯವರು ಎರಡು ಭಾಗ ಉಜ್ಜದ ಹಾಗೆ ಬಿಡುವ ಜಾಗಕ್ಕೆ ಬಾಯಲ್ಲಿ ಏನನ್ನುತ್ತಾರೆ? ನಾನು ಕೇಳಿದವರೆಲ್ಲ ‘ಸ್ವಲ್ಪ ಗ್ಯಾಪ್ ಬಿಡಿ’ ಅಂದರು. ಗ್ಯಾಪ್ ಅಲ್ಲದ್ದನ್ನು ಯಾರಾದರೂ ಕಿವಿಯಾರೆ ಕೇಳಿದ್ದೀರಾ? ತೆರಪು ಅಥವಾ ತೆರಹು ಇನ್ನೂ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇದೆಯೇ? ಇದ್ದರೆ ಯಾವ ಸಂದರ್ಭದಲ್ಲಿ ಅಂದರು ಅನ್ನುವುದನ್ನೂ ಬರೆಯಿರಿ. ಪದವೊಂದನ್ನೇ ಕೊಟ್ಟರೆ ನನಗೆ ಸಾಲದು, ಅದು ಕೂತಿದ್ದ ವಾಕ್ಯ ಬೇಕು.

ತಂಗಿಯ ಮಗನ ಗಾಜಿನ ಬಾಗಿಲು ಸದ್ಯ ಗೋಡೆಗೆ ಒರಗಿಕೊಂಡಿದೆ. 155ರ ಕೂಲರ್ ತರುತ್ತಾನಂತೆ.