ಸುಮ್ಮನಿದ್ದಾಗಲೂ ಒಂದು ಕೋರ್ ಪೂರ್ತಿ ದುಡಿಯುತ್ತಿದೆ: ಲಿನಕ್ಸ್ ಮಿಂಟ್ ಡೆಸ್ಕ್‌ಟಾಪಿನಲ್ಲಿ ಕೆವರ್ಕರ್ ಸಮಸ್ಯೆ

ಬಾಣೆಮನೆ, ಸೋಮವಾರಪೇಟೆ ಕಡೆಯಿಂದ:

ಎಲ್ಲರಿಗೂ ನಮಸ್ಕಾರ. ತೋಟದ ಲೆಕ್ಕಪತ್ರಕ್ಕೆಂದು ಇಟ್ಟುಕೊಂಡಿರುವ ಡೆಸ್ಕ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ 21ರ ಸಿನಮನ್ ಆವೃತ್ತಿ ಇದೆ. ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳಿವೆ, 8 ಜಿಬಿ ಮೆಮೊರಿ ಇದೆ, ಡಿಸ್ಕ್ ಎಸ್‌ಎಸ್‌ಡಿ. ಈ ಬಾರಿ ಮಳೆ ಹಿಡಿದ ಮೇಲೆ ಒಂದು ತೊಂದರೆ ಶುರುವಾಗಿದೆ. ಒಂದು ಪ್ರೋಗ್ರಾಮನ್ನೂ ತೆರೆಯದೆ ಲಾಗಿನ್ ಮಾಡಿ ಹಾಗೆಯೇ ಬಿಟ್ಟರೂ ಫ್ಯಾನು ಜೋರಾಗಿ ತಿರುಗುತ್ತಲೇ ಇರುತ್ತದೆ. ಸಿಸ್ಟಂ ಮಾನಿಟರಿನಲ್ಲಿ ಒಟ್ಟು ಬಳಕೆ ಶೇಕಡಾ 22ರ ಆಸುಪಾಸಿನಲ್ಲಿದ್ದರೆ, ಟರ್ಮಿನಲ್ಲಿನ ಟಾಪ್ ಪಟ್ಟಿಯಲ್ಲಿ ಕೆವರ್ಕರ್ ಎಂಬ ಹೆಸರಿನ ಎದುರು 80ರಿಂದ 90 ಕಾಣುತ್ತದೆ. ಅದನ್ನು ಕಿಲ್ ಮಾಡಲು ನೋಡಿದರೆ ಏನೂ ಆಗುವುದಿಲ್ಲ. ಇದು ವೈರಸ್ ಇರಬಹುದೇ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸತಲ್ಲ, ಯುಪಿಎಸ್ ಮೇಲೆಯೇ ಕೆಲಸ ಮುಗಿಸಬೇಕಾಗುತ್ತದೆ. ಈಗ ಅದರ ಬ್ಯಾಟರಿಯೂ ಮೊದಲಿಗಿಂತ ಬೇಗ ಖಾಲಿಯಾಗುತ್ತಿರುವುದರಿಂದ ಕೇಳುತ್ತಿದ್ದೇನೆ.

ಹಾರಂಗಿ, ಕುಶಾಲನಗರದಿಂದ:

ನಮಸ್ಕಾರ ಸರ್. ನನ್ನ ಯಂತ್ರದಲ್ಲಿ ಹೀಗಾದಾಗ ಕಡತಗಳನ್ನು ಹುಡುಕಿ ಸೂಚಿ ತಯಾರಿಸುವ ಹಿನ್ನೆಲೆ ಪ್ರೋಗ್ರಾಂ ಕಾರಣವಾಗಿತ್ತು. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಟ್ರ್ಯಾಕರ್ (ಈಚಿನ ಆವೃತ್ತಿಗಳಲ್ಲಿ ಲೋಕಲ್‌ಸರ್ಚ್), ಕೆಡಿಇ ಡೆಸ್ಕ್‌ಟಾಪಿನಲ್ಲಿ ಬಲೂ ಎಂಬುವು ಈ ಕೆಲಸ ಮಾಡುತ್ತವೆ. ಅಪ್‌ಡೇಟ್ ಹುಡುಕುವ ಪ್ಯಾಕೇಜ್‌ಕಿಟ್ ಕೂಡ ಆಗಾಗ ಹೀಗೆ ಮಾಡುವುದುಂಟು. ಯಾವುದೂ ಸಿಗದಿದ್ದರೆ ಹೋಮ್ ಕೋಶವನ್ನು ಬ್ಯಾಕಪ್ ಮಾಡಿಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡುವುದೇ ಸುಲಭವೆಂದು ನನ್ನ ಅನಿಸಿಕೆ.

ಲಕ್ಷ್ಮಣತೀರ್ಥ, ಪೊನ್ನಂಪೇಟೆಯಿಂದ:

ಬಾಣೆಮನೆಯವರೇ, ದಯವಿಟ್ಟು ಈಗಲೇ ಮರುಇನ್‌ಸ್ಟಾಲ್ ಮಾಡಬೇಡಿ. ಹಾರಂಗಿಯವರು ಹೇಳಿದ ಪ್ರೋಗ್ರಾಮುಗಳು ಪ್ರೊಸೆಸರನ್ನು ತಿನ್ನುವುದು ನಿಜ, ಆದರೆ ಆಗ ಟಾಪ್ ಪಟ್ಟಿಯ ಮೇಲ್ಭಾಗದಲ್ಲಿ ಅವುಗಳದೇ ಹೆಸರು ಬರುತ್ತದೆ. ನಿಮ್ಮಲ್ಲಿ ಬಂದಿರುವುದು ಕರ್ನಲ್ಲಿನ, ಅಂದರೆ ಹಾರ್ಡ್‌ವೇರನ್ನು ನಡೆಸುವ ಲಿನಕ್ಸ್‌ನ ತಿರುಳಿನ, ಸ್ವಂತ ಥ್ರೆಡ್ (ಒಳಗೆ ಓಡುವ ಕೆಲಸದ ಎಳೆ). ಯಾವುದೋ ಹಾರ್ಡ್‌ವೇರ್ ಕರ್ನಲ್ಲನ್ನು ಕೆಣಕುತ್ತಿದ್ದರೆ, ಹೊಸದಾಗಿ ಇನ್‌ಸ್ಟಾಲ್ ಮಾಡಿದ ಲಿನಕ್ಸ್ ಕೂಡ ಮೊದಲ ಬೂಟ್‌ನಲ್ಲೇ ಅದೇ ಫ್ಯಾನನ್ನು ಅದೇ ವೇಗದಲ್ಲಿ ತಿರುಗಿಸುತ್ತದೆ.

22 ಮತ್ತು 85ರ ನಡುವಿನ ವ್ಯತ್ಯಾಸ ಗಾಬರಿಪಡುವಂಥದ್ದಲ್ಲ. ಟಾಪ್ ಪ್ರತಿಯೊಂದು ಪ್ರಕ್ರಿಯೆಯ ಬಳಕೆಯನ್ನು ಒಂದು ಕೋರ್‌ನ ಲೆಕ್ಕದಲ್ಲಿ ಹೇಳುತ್ತದೆ, ಸಿಸ್ಟಂ ಮಾನಿಟರ್ ನಾಲ್ಕೂ ಕೋರ್‌ಗಳನ್ನು ಸೇರಿಸಿ ಹೇಳುತ್ತಿದೆ. 85ನ್ನು ನಾಲ್ಕರಿಂದ ಭಾಗಿಸಿದರೆ ನಿಮ್ಮ 22ರ ಹತ್ತಿರಕ್ಕೇ ಬರುತ್ತದೆ. ಟಾಪ್ ತೆರೆದಿರುವಾಗ 1 ಎಂಬ ಕೀಲಿಯನ್ನು ಒತ್ತಿದರೆ ಪ್ರತಿ ಕೋರ್‌ಗೂ ಒಂದೊಂದು ಸಾಲು ಬರುತ್ತದೆ. ಆ ಸಾಲುಗಳಲ್ಲಿ ಯುಎಸ್ ಎಂದಿರುವುದು ಸಾಮಾನ್ಯ ಪ್ರೋಗ್ರಾಮುಗಳು ಬಳಸಿದ ಸಮಯ, ಎಸ್‌ವೈ ಎಂದಿರುವುದು ಕರ್ನಲ್ ಬಳಸಿದ್ದು, ಎಚ್‌ಐ ಮತ್ತು ಎಸ್‌ಐ ಇಂಟರಪ್ಟ್‌ಗಳಿಗೆ (ನಡುವೆ ಬರುವ ತುರ್ತು ಕರೆಗಳಿಗೆ) ಹೋದದ್ದು, ಡಬ್ಲ್ಯುಎ ಡಿಸ್ಕ್‌ಗಾಗಿ ಕಾದದ್ದು, ಐಡಿ ಖಾಲಿ ಉಳಿದದ್ದು. ಹೆಚ್ಚಿನವರು ಇದನ್ನು ನೋಡದೆ ನೇರವಾಗಿ ಪ್ರಕ್ರಿಯೆಗಳ ಹೆಸರಿಗೆ ಹೋಗುತ್ತಾರೆ. ಸಮಯ ಯಾವ ಖಾತೆಗೆ ಖರ್ಚಾಗುತ್ತಿದೆ ಎಂಬುದು ಮೊದಲು ಗೊತ್ತಾದರೆ ಹುಡುಕಾಟ ಅರ್ಧಕ್ಕಿಳಿಯುತ್ತದೆ. ಅಲ್ಲೇ ಮೇಲೆ ಕಾಣುವ ಲೋಡ್ ಆವರೇಜ್ ಅನ್ನು ಸದ್ಯಕ್ಕೆ ಬಿಟ್ಟುಬಿಡಿ, ಏಕೆಂದರೆ ಲಿನಕ್ಸ್‌ನಲ್ಲಿ ಆ ಸಂಖ್ಯೆಯೊಳಗೆ ಡಿಸ್ಕ್‌ನಂಥವುಗಳಿಗಾಗಿ, ನಡುವೆ ಎಬ್ಬಿಸಲಾಗದಂತೆ, ಕಾದು ಕುಳಿತ ಪ್ರಕ್ರಿಯೆಗಳೂ ಸೇರಿರುತ್ತವೆ, ಅದು ಪ್ರೊಸೆಸರ್ ಬಳಕೆಯ ಅಳತೆಯಲ್ಲ.

ವೈರಸ್‌ನ ಸಂಶಯವನ್ನು ಒಂದೇ ನೋಟದಲ್ಲಿ ಪರಿಹರಿಸಿಕೊಳ್ಳಬಹುದು. ನಿಜವಾದ ಕರ್ನಲ್ ಥ್ರೆಡ್‌ಗೆ ಟಾಪ್‌ನ ಮೆಮೊರಿ ಅಂಕಣಗಳಲ್ಲಿ ಸೊನ್ನೆ ಇರುತ್ತದೆ, ಪಿಎಸ್ ಆದೇಶ ಕೊಡುವ ಪಟ್ಟಿಯಲ್ಲಿ ಅದರ ಹೆಸರು ಚೌಕ ಕಂಸದೊಳಗೆ ಬರುತ್ತದೆ, ಅದರ ಮೂಲ ಪ್ರಕ್ರಿಯೆಯ ಸಂಖ್ಯೆ 2 ಆಗಿರುತ್ತದೆ. ಕೆವರ್ಕರ್ ಎಂದು ಹೆಸರು ಬದಲಿಸಿಕೊಂಡು ಅಡಗಿದ ಕಳ್ಳ ಪ್ರೋಗ್ರಾಂ ಆಗಿದ್ದರೆ ಮೆಮೊರಿ ಸೊನ್ನೆಯಾಗಿರುವುದು ಸಾಧ್ಯವಿಲ್ಲ. ಕಿಲ್ ಆದೇಶಕ್ಕೆ ಅದು ಜಗ್ಗದಿರುವುದೂ ಕರ್ನಲ್ ಥ್ರೆಡ್‌ನ ಸಹಜ ಗುಣವೇ.

ಇನ್ನು ಕೆವರ್ಕರ್ ತಾನಾಗಿ ಏನನ್ನೂ ಮಾಡುವುದಿಲ್ಲ. ತೋಟದಲ್ಲಿ ಒಬ್ಬ ಆಳು ಹೊತ್ತು ಮುಳುಗುವವರೆಗೆ ಒಂದೇ ಗುಂಡಿಯನ್ನು ತೋಡಿ ಮುಚ್ಚಿ, ತೋಡಿ ಮುಚ್ಚಿ ಮಾಡುತ್ತಿದ್ದರೆ ಆಳನ್ನು ಬೈದು ಪ್ರಯೋಜನವಿಲ್ಲ, ಆ ಕೆಲಸ ಹೇಳಿದ ಮೇಸ್ತ್ರಿ ಯಾರೆಂದು ವಿಚಾರಿಸಬೇಕು. ಈಚಿನ ಕರ್ನಲ್‌ಗಳಲ್ಲಿ ಆ ಮಾಹಿತಿ ಹೆಸರಿನ ಬಾಲದಲ್ಲೇ ಇರುತ್ತದೆ. ಟಾಪ್‌ನಲ್ಲಿ ಹೆಸರಿನ ಅಂಕಣವನ್ನು ಪೂರ್ತಿ ಕಾಣುವಂತೆ ಅಗಲ ಮಾಡಿಕೊಂಡು ನೋಡಿ. ಓರೆಗೆರೆಯ ನಂತರದ ಅಂಕಿ ಕೋರ್‌ನ ಸಂಖ್ಯೆ, ಯು ಅಕ್ಷರವಿದ್ದರೆ ಯಾವುದೇ ಒಂದು ಕೋರ್‌ಗೆ ಕಟ್ಟುಬಿದ್ದಿಲ್ಲವೆಂದು ಅರ್ಥ. ಕೊನೆಯಲ್ಲಿ ಪ್ಲಸ್ ಚಿಹ್ನೆಯ ಮುಂದಿರುವುದು ಈ ಕ್ಷಣದಲ್ಲಿ ಮಾಡುತ್ತಿರುವ ಕೆಲಸದ ಸರದಿ, ಮೈನಸ್ ಆಗಿದ್ದರೆ ಕೊನೆಯ ಬಾರಿ ಮಾಡಿದ್ದು. ಆ ಬಾಲವನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆಯಿರಿ. ಜೊತೆಗೆ ಸುಡೋ (ನಿರ್ವಾಹಕರ ಅಧಿಕಾರದಲ್ಲಿ ಓಡಿಸುವ ಆದೇಶ) ಹಾಕಿ ಡಿಎಂಇಎಸ್‌ಜಿ ಆದೇಶ ಕೊಟ್ಟು, ಕರ್ನಲ್ ಸಂದೇಶಗಳ ಕೊನೆಯ ಸಾಲುಗಳಲ್ಲಿ ಯಾವುದಾದರೂ ಒಂದೇ ಮಾತು ಮತ್ತೆ ಮತ್ತೆ ಬರುತ್ತಿದೆಯೇ ನೋಡಿ.

ಬಾಣೆಮನೆ:

ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು ಸರ್. ಮೆಮೊರಿ ಸೊನ್ನೆಯೇ ಇದೆ, ಮೂಲ ಪ್ರಕ್ರಿಯೆ 2. ಖರ್ಚಾಗುತ್ತಿರುವುದೆಲ್ಲ ಎಸ್‌ವೈ ಅಂಕಣದಲ್ಲಿ, ಯುಎಸ್‌ನಲ್ಲಿ ಏನೂ ಇಲ್ಲವೆನ್ನಬಹುದು. ಹೆಸರು ಕೆವರ್ಕರ್, ಓರೆಗೆರೆ, 2:1, ಆಮೇಲೆ ಪ್ಲಸ್, ಆಮೇಲೆ ಪಿಎಂ ಎಂದಿದೆ. ಡಿಎಂಇಎಸ್‌ಜಿಯ ಕೊನೆಯಲ್ಲಿ “ಯುಎಸ್‌ಬಿ1-ಪೋರ್ಟ್3: ಓವರ್‌ಕರೆಂಟ್ ಕಂಡೀಷನ್” ಎಂಬ ಸಾಲು ಪುಟಗಟ್ಟಲೆ ಬಂದಿದೆ. ವಿಚಿತ್ರವೆಂದರೆ, ಕೀಬೋರ್ಡ್ ಮತ್ತು ಮೌಸ್ ಹಿಂಬದಿಯಲ್ಲಿವೆ, ಮುಂಭಾಗದ ಎರಡು ಪೋರ್ಟ್‌ಗಳಿಗೆ ಏನನ್ನೂ ಚುಚ್ಚಿಲ್ಲ.

ಲಕ್ಷ್ಮಣತೀರ್ಥ:

ಹಾಗಾದರೆ ಮೇಸ್ತ್ರಿ ಸಿಕ್ಕಿದಂತೆಯೇ. ಪಿಎಂ ಎಂದರೆ ವಿದ್ಯುತ್ ಉಳಿತಾಯದ ಕೆಲಸಗಳ ಸರದಿ. ಬಳಕೆಯಿಲ್ಲದ ಯುಎಸ್‌ಬಿ ಸಾಧನವನ್ನು ಕರ್ನಲ್ ತಾನಾಗಿ ನಿದ್ರೆಗೆ ಕಳಿಸುತ್ತದೆ. ಸಾಮಾನ್ಯ ಸಾಧನಕ್ಕೆ ಪೂರ್ವನಿಯೋಜಿತವಾಗಿ 2 ಸೆಕೆಂಡುಗಳ ಬಿಡುವು ಕೊಡುತ್ತದೆ, ಆದರೆ ಹಲವು ಪೋರ್ಟ್‌ಗಳನ್ನು ನೋಡಿಕೊಳ್ಳುವ ಹಬ್‌ಗಳಿಗೆ ಆ ಬಿಡುವೂ ಇಲ್ಲ, ಕೆಲಸವಿಲ್ಲವೆಂದು ಕಂಡ ಕೂಡಲೇ ಮಲಗಿಸಲು ನೋಡುತ್ತದೆ. ನಿಮ್ಮಲ್ಲಿ ಒಂದು ಪೋರ್ಟ್ ಹೆಚ್ಚು ಕರೆಂಟು ಹರಿಯುತ್ತಿದೆ ಎಂದು ಸತತವಾಗಿ ದೂರು ಕೊಡುತ್ತಿರುವುದರಿಂದ ಹಬ್ ಮಲಗಲು ಒಪ್ಪುವುದಿಲ್ಲ. ಕರ್ನಲ್ ಮತ್ತೆ ಮಲಗಿಸಲು ಹೊರಡುತ್ತದೆ, ಅದು ಮತ್ತೆ ಏಳುತ್ತದೆ, ನಡುವೆ ಕಾಯುವ ಹೊತ್ತೇ ಇಲ್ಲದ ಕಾರಣ ಇಡೀ ಕೋರ್ ಈ ಸುತ್ತಿನಲ್ಲೇ ಕಳೆದುಹೋಗುತ್ತದೆ.

ಏನನ್ನೂ ಚುಚ್ಚದ ಪೋರ್ಟಿನಲ್ಲಿ ಇಂಥ ದೂರು ಬರಲು ಒಳಗಿನ ಲೋಹದ ನಾಲಗೆಗಳು ಬಾಗಿ ಒಂದಕ್ಕೊಂದು ತಾಗಿರಬೇಕು, ಇಲ್ಲವೇ ಅವುಗಳ ನಡುವೆ ತೇವವೋ ಕಿಲುಬೋ ಕೂತಿರಬೇಕು. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ, ಗೋಡೆಯ ಪಕ್ಕ ನೆಲದ ಮೇಲಿಟ್ಟ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟ್ ಹಸಿರುಗಟ್ಟುವುದರಲ್ಲಿ ಆಶ್ಚರ್ಯವೇನಿಲ್ಲ. ಟಾರ್ಚ್ ಹಿಡಿದು ಒಳಗೆ ನೋಡಿ.

ಆದರೂ ಬಿಚ್ಚುವ ಮೊದಲು ಊಹೆಯನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮೂಲ ಡೈರೆಕ್ಟರಿಯಲ್ಲಿ ಸಿಸ್, ಅದರೊಳಗೆ ಬಸ್, ಯುಎಸ್‌ಬಿ, ಡಿವೈಸಸ್, ಯುಎಸ್‌ಬಿ1, ಪವರ್ ಎಂದು ಒಂದರೊಳಗೊಂದು ಹೋದರೆ ಕಂಟ್ರೋಲ್ ಎಂಬ ಕಡತ ಸಿಗುತ್ತದೆ. ಅದರಲ್ಲಿ ಆಟೋ ಎಂದಿರುತ್ತದೆ, ಅದನ್ನು ಆನ್ ಎಂದು ಮಾಡಬೇಕು. ಎರಡು ಪದಗಳೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ಸುಡೋ ಎಕೋ ಎಂದು ಬರೆದು ಬಾಣದ ಗುರುತು (>) ಹಾಕಿದರೆ ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ, ಏಕೆಂದರೆ ಕಡತವನ್ನು ತೆರೆಯುವುದು ಸುಡೋ ಅಲ್ಲ, ನಿಮ್ಮ ಹೆಸರಿನಲ್ಲಿ ಓಡುತ್ತಿರುವ ಶೆಲ್, ಅಂದರೆ ಟರ್ಮಿನಲ್ಲಿನಲ್ಲಿ ಆದೇಶಗಳನ್ನು ಓದುವ ಪ್ರೋಗ್ರಾಂ. ಆದ್ದರಿಂದ ಎಕೋವಿನ ಫಲಿತಾಂಶವನ್ನು ಪೈಪ್ (|) ಮೂಲಕ, ಬಂದದ್ದನ್ನು ಕಡತಕ್ಕೆ ಬರೆಯುವ ಸುಡೋ ಟೀ ಆದೇಶಕ್ಕೆ ಕೊಡಿ. ಇದು ಆ ಹಬ್ ಅನ್ನು ಮಲಗಿಸಬೇಡವೆಂದು ಕರ್ನಲ್‌ಗೆ ಹೇಳುತ್ತದೆ, ಮುಂದಿನ ಬೂಟ್‌ವರೆಗೆ ಮಾತ್ರ. ಪ್ರೊಸೆಸರ್ ತಕ್ಷಣ ಇಳಿದರೆ ಊಹೆ ಸರಿ.

ಬಾಣೆಮನೆ:

ಟೀ ಆದೇಶ ಕೊಟ್ಟ ಮರುಕ್ಷಣವೇ ಕೆವರ್ಕರ್ ಪಟ್ಟಿಯ ಮೇಲಿನಿಂದ ಮಾಯವಾಯಿತು, ಸ್ವಲ್ಪ ಹೊತ್ತಿಗೆ ಫ್ಯಾನಿನ ಸದ್ದೂ ತಗ್ಗಿತು. ಟಾರ್ಚ್ ಹಾಕಿ ನೋಡಿದಾಗ ಎಡಗಡೆಯ ಪೋರ್ಟಿನಲ್ಲಿ ನಾಲ್ಕು ಪಟ್ಟಿಗಳ ಪೈಕಿ ಅಂಚಿನದರ ಮೇಲೆ ಹಸಿರು ಪುಡಿಯಂಥದ್ದು ಕಟ್ಟಿ, ಅದು ಹೊರಗಿನ ಲೋಹದ ಕವಚದವರೆಗೂ ಹಬ್ಬಿಕೊಂಡಿದೆ. ಓವರ್‌ಕರೆಂಟ್ ಸಾಲುಗಳು ಮಾತ್ರ ಇನ್ನೂ ಪೂರ್ತಿ ನಿಂತಿಲ್ಲ. ಈ ಆದೇಶವನ್ನೇ ಪ್ರತಿ ಬೂಟ್‌ನಲ್ಲೂ ಕೊಡುವಂತೆ ಮಾಡಿದರೆ ಸಾಕಾಗುವುದೇ?

ಲಕ್ಷ್ಮಣತೀರ್ಥ:

ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸಾಲಿನಲ್ಲಿ ಯುಎಸ್‌ಬಿಕೋರ್‌ನ ಆಟೋಸಸ್ಪೆಂಡ್ ನಿಯತಾಂಕವನ್ನು ಮೈನಸ್ 1 ಎಂದು ಕೊಟ್ಟರೆ ಯುಎಸ್‌ಬಿಯ ಸ್ವಯಂನಿದ್ರೆ ಪೂರ್ತಿಯಾಗಿ ನಿಲ್ಲುತ್ತದೆ, ಪ್ರೊಸೆಸರಿನ ದೃಷ್ಟಿಯಿಂದ ಅಷ್ಟೇ ಸಾಕು. ಆದರೆ ಅಂಚಿನ ಪಟ್ಟಿ ಎಂದರೆ 5 ವೋಲ್ಟ್ ಬರುವ ಪಟ್ಟಿ ಇರಬಹುದು, ಕವಚವು ಗ್ರೌಂಡ್‌ಗೆ ಸೇರಿರುತ್ತದೆ. ಅವೆರಡನ್ನು ಕಿಲುಬು ಜೋಡಿಸಿರುವಾಗ ದೂರನ್ನು ಕೇಳಿಸಿಕೊಳ್ಳದಂತೆ ಮಾಡಿ ಸುಮ್ಮನಿರುವುದು ನನಗೆ ಸರಿ ಕಾಣುವುದಿಲ್ಲ.

ಯಂತ್ರವನ್ನು ಆರಿಸಿ, ಗೋಡೆಯ ಪ್ಲಗ್ಗನ್ನೂ ಯುಪಿಎಸ್ ವೈರನ್ನೂ ತೆಗೆದು, ಪಕ್ಕದ ಬಾಗಿಲನ್ನು ಬಿಚ್ಚಿ. ಮುಂಭಾಗದ ಪೋರ್ಟ್‌ಗಳಿಂದ ಹೊರಟ ವೈರು ಮದರ್‌ಬೋರ್ಡಿನ ಕೆಳ ಅಂಚಿನಲ್ಲಿ ಎರಡು ಸಾಲಿನ 9 ಪಿನ್ನುಗಳ ಮೇಲೆ ಕೂತಿರುತ್ತದೆ. ಯುಎಸ್‌ಬಿ 3 ಆಗಿದ್ದರೆ ಕನೆಕ್ಟರ್ ದೊಡ್ಡದು, 19 ಪಿನ್ನು. ಅದನ್ನು ನೇರವಾಗಿ ಮೇಲಕ್ಕೆ ಎತ್ತಿ ತೆಗೆಯಿರಿ, ಅಲುಗಾಡಿಸಿ ಎಳೆದರೆ ಪಿನ್ನು ಬಾಗುತ್ತದೆ. ಹಾಗೆಯೇ ಬೂಟ್ ಮಾಡಿ ನೋಡಿದಾಗ ಕರ್ನಲ್ ಸಂದೇಶಗಳು ಶುದ್ಧವಾಗಿದ್ದರೆ ದೋಷ ಮುಂಭಾಗದ ಫಲಕದಲ್ಲಿದೆ, ಮದರ್‌ಬೋರ್ಡಿನಲ್ಲಿಲ್ಲ. ಆ ಫಲಕವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ಚೆನ್ನಾಗಿ ಒಣಗಿಸಬಹುದು, ಅಥವಾ ವೈರನ್ನು ಜೋಡಿಸದೆಯೇ ಬಿಡಬಹುದು. ಹಿಂಬದಿಯ ಪೋರ್ಟ್‌ಗಳು ಸಾಲುವುದಾದರೆ ನಾನು ಎರಡನೆಯದನ್ನೇ ಮಾಡುತ್ತೇನೆ.

ಬಾಣೆಮನೆ:

ವೈರನ್ನು ತೆಗೆದ ಮೇಲೆ ಒಂದೂ ಓವರ್‌ಕರೆಂಟ್ ಸಂದೇಶವಿಲ್ಲ, ಕಂಟ್ರೋಲ್ ಕಡತ ಆಟೋ ಎಂದೇ ಇದ್ದರೂ ಕೆವರ್ಕರ್ ತಣ್ಣಗಿದೆ. ಈಗ ಸಿನಮನ್ ಮತ್ತು ಪರದೆಯನ್ನು ನಡೆಸುವ ಎಕ್ಸ್‌ಆರ್ಗ್ ಹೆಸರಿನಲ್ಲಿ ಮೂರು ನಾಲ್ಕು ಶೇಕಡಾ ಉಳಿದಿದೆ. ಇದನ್ನೂ ಇಳಿಸಬೇಕೇ?

ಲಕ್ಷ್ಮಣತೀರ್ಥ:

ಬೇಡ. ಸಿಸ್ಟಂ ಮಾನಿಟರಿನ ಗೆರೆಗಳನ್ನು ಬರೆಯಲು ಅಷ್ಟು ಬೇಕಾಗುತ್ತದೆ, ಅದನ್ನು ಮುಚ್ಚಿದರೆ ಇನ್ನೂ ಇಳಿಯುತ್ತದೆ. ಶೇಕಡಾವಾರು ಹೇಳುವುದು ಸಮಯವನ್ನು, ವೇಗವನ್ನಲ್ಲ ಎಂಬುದೂ ಇಲ್ಲಿ ಮುಖ್ಯ: ಸುಮ್ಮನಿರುವಾಗ ಪ್ರೊಸೆಸರ್ ತನ್ನ ಗಡಿಯಾರವನ್ನು 800 ಮೆಗಾಹರ್ಟ್ಸ್‌ನಷ್ಟಕ್ಕೆ ಇಳಿಸಿಕೊಂಡಿದ್ದರೆ, ಅದೇ ಸಣ್ಣ ಕೆಲಸ ಹೆಚ್ಚು ಶೇಕಡಾವಾರಾಗಿ ಕಾಣುತ್ತದೆ. ಸಿನಮನ್ ಒಂದೇ 20, 30 ತೋರಿಸಿದ್ದರೆ ಗ್ರಾಫಿಕ್ಸ್ ಡ್ರೈವರ್ ಇಲ್ಲದೆ ಎಲ್‌ಎಲ್‌ವಿಎಂಪೈಪ್ ಎಂಬುದು ಪರದೆಯ ಚಿತ್ರವನ್ನು ಪ್ರೊಸೆಸರಿನಿಂದಲೇ ಬರೆಸುತ್ತಿದೆಯೇ ಎಂದು ವಿಚಾರಿಸುತ್ತಿದ್ದೆ.

ಹಾರಂಗಿ:

ಒಂದು ಪ್ರಶ್ನೆ ಸರ್. ನಮ್ಮ ಅಣ್ಣನ ಲ್ಯಾಪ್‌ಟಾಪಿನಲ್ಲೂ ಕೆವರ್ಕರ್ ಹೀಗೆಯೇ ಏರುತ್ತದೆ, ಆದರೆ ಬಾಲದಲ್ಲಿರುವುದು ಕೆಎಸಿಪಿಐಡಿ. ಯುಎಸ್‌ಬಿಯ ಸುದ್ದಿ ಸಂದೇಶಗಳಲ್ಲಿ ಎಲ್ಲಿಯೂ ಇಲ್ಲ.

ಲಕ್ಷ್ಮಣತೀರ್ಥ:

ಅದು ಬೇರೆ ಮೇಸ್ತ್ರಿಯ ಕೆಲಸ. ಯಂತ್ರದೊಳಗಿನ ಫರ್ಮ್‌ವೇರ್‌ನಿಂದ (ಬಯಾಸ್) ಎಸಿಪಿಐ, ಅಂದರೆ ವಿದ್ಯುತ್ ನಿರ್ವಹಣೆಯ, ಇಂಟರಪ್ಟ್‌ಗಳು ಸುರಿಮಳೆಯಾಗಿ ಬರುತ್ತಿರುವಾಗ ಹೀಗಾಗುತ್ತದೆ. ಸಿಸ್, ಫರ್ಮ್‌ವೇರ್, ಎಸಿಪಿಐ, ಇಂಟರಪ್ಟ್ಸ್ ಎಂಬ ದಾರಿಯಲ್ಲಿ ಜಿಪಿಇ ಎಂದು ಆರಂಭವಾಗುವ ಕಡತಗಳಿವೆ, ಇಂಥ ಇಂಟರಪ್ಟ್‌ನ ಒಂದೊಂದು ಮೂಲಕ್ಕೆ ಒಂದೊಂದು, ಪ್ರತಿಯೊಂದರಲ್ಲೂ ಎಣಿಕೆ ಇರುತ್ತದೆ. ಒಟ್ಟು ಎಣಿಕೆಯ ಜಿಪಿಇ ಆಲ್ ಕಡತವನ್ನು ಬಿಟ್ಟರೆ, ಉಳಿದವು ಸೊನ್ನೆಯೋ ಹತ್ತಿಪ್ಪತ್ತೋ ಇರುವಲ್ಲಿ ಒಂದು ಮಾತ್ರ ಲಕ್ಷಗಳಲ್ಲಿ ಏರುತ್ತಿರುತ್ತದೆ. ಆ ಕಡತಕ್ಕೆ ಡಿಸೇಬಲ್ ಎಂದು, ಮೇಲೆ ಹೇಳಿದ ಟೀ ವಿಧಾನದಲ್ಲೇ, ಬರೆದು ನೋಡಿ. ಇಳಿದರೆ ಮೊದಲು ತಯಾರಕರ ಜಾಲತಾಣದಲ್ಲಿ ಬಯಾಸ್‌ನ ಹೊಸ ಆವೃತ್ತಿ ಇದೆಯೇ ಹುಡುಕಿ, ಇಲ್ಲದಿದ್ದರೆ ಮಾತ್ರ ಎಸಿಪಿಐ ಮಾಸ್ಕ್ ಜಿಪಿಇ ನಿಯತಾಂಕವನ್ನು ಅದೇ ಸಂಖ್ಯೆಯೊಂದಿಗೆ, ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್‌ನ ಕಡತದಲ್ಲಿ ಸೇರಿಸಿ ಅಪ್‌ಡೇಟ್ ಗ್ರಬ್ ಕೊಡಿ. ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ನಿದ್ರೆಗೆ ಹೋಗುತ್ತದೆಯೇ, ಚಾರ್ಜರ್ ತೆಗೆದದ್ದು ಗೊತ್ತಾಗುತ್ತದೆಯೇ, ಪರದೆಯ ಬೆಳಕಿನ ಕೀಲಿಗಳು ಕೆಲಸ ಮಾಡುತ್ತವೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಇವುಗಳಲ್ಲಿ ಯಾವುದಾದರೂ ಅದೇ ಜಿಪಿಇಯನ್ನು ಅವಲಂಬಿಸಿರುವ ಸಾಧ್ಯತೆ ಇದೆ.