ಹಲ್ಲುನೋವು ಅಂತ ಲವಂಗ ಕಚ್ಚಿಕೊಂಡಿದ್ದೆ

ಪುಟ್ಟಿ, ನಿನ್ನ ಮೆಸೇಜ್ ನೋಡಿದೆ. ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹಾರ್ಟ್ ಅಟ್ಯಾಕ್ ಆಗಿ ಹೋದ ಸುದ್ದಿಗೆ ಹೆದರಿ ಗಂಡನಿಗೆ ಹಾರ್ಟ್ ಟೆಸ್ಟ್ ಮಾಡಿಸಿದೆ, ಸರಿ. "ದೊಡ್ಡಮ್ಮ, ನನಗೆ ಬೇಡ ಅಲ್ವಾ, ಹೆಂಗಸರಿಗೆ 35ಕ್ಕೆಲ್ಲ ಬರಲ್ಲ ಅಲ್ವಾ" ಅಂತ ಕೇಳಿದ್ದೀಯ. ಯಾರು ಹೇಳಿದರು ನಿನಗೆ? ಗಂಡಸರಿಗೇ ಜಾಸ್ತಿ, ಅವರಿಗೇ ಬೇಗ, ಅದು ನಿಜ. ಪುನೀತ್ ಹೋದಾಗ 46, ಚಿರಂಜೀವಿ ಸರ್ಜಾಗೆ ನಲವತ್ತೂ ಆಗಿರಲಿಲ್ಲ. ಅದಕ್ಕೇ ಎಲ್ಲರ ಕಣ್ಣೂ ಗಂಡುಮಕ್ಕಳ ಎದೆ ಮೇಲೆ. ನನಗೆ ಆದಾಗ 39, ಮರೆತುಬಿಟ್ಟೆಯಾ?

ಅವತ್ತು ಗೌರಿ ಹಬ್ಬ. ಒಬ್ಬಟ್ಟಿಗೆ ಹೂರಣ ರುಬ್ಬುತ್ತಾ ಇದ್ದೆ, ದವಡೆ ಹಿಡಿದುಕೊಂಡಿತು. ಹಲ್ಲುನೋವು ಅಂತ ಲವಂಗ ಕಚ್ಚಿಕೊಂಡೆ. ಆಮೇಲೆ ಬೆನ್ನು, ಆಮೇಲೆ ಓಕರಿಕೆ, ಹೊರಗೆ ಜಿಟಿಜಿಟಿ ಮಳೆ, ನನ್ನ ರವಿಕೆ ಮಾತ್ರ ಬೆವರಿಗೆ ತೊಪ್ಪೆ. ಎದೆ ನೋಯಲಿಲ್ಲ, ಏನೋ ಭಾರ ಅಷ್ಟೇ. ಹಾಗೇ 20 ಜನಕ್ಕೆ ಬಡಿಸಿದೆ. ಸಂಜೆ ಕ್ಲಿನಿಕ್ಕಿನ ಡಾಕ್ಟರು "ಗ್ಯಾಸು, ಹಬ್ಬದ ಸುಸ್ತು" ಅಂತ ಮಾತ್ರೆ ಕೊಟ್ಟರು. ಮಾರನೇ ದಿನ ಇಸಿಜಿ ಆಗುವಷ್ಟರಲ್ಲಿ ಹೃದಯದ ಒಂದು ಭಾಗ ಸತ್ತೇ ಹೋಗಿತ್ತು. ಗ್ಯಾಸು ಅಂತ ಸುಮ್ನೆ ಇರಬೇಡ ಪುಟ್ಟಿ.

ಅದೇ ವರ್ಷ ದೀಪಾವಳಿಗೆ ನಿಮ್ಮ ಚಿಕ್ಕಪ್ಪ ಒಂದು ತಟ್ಟೆ ಬಜ್ಜಿ ತಿಂದು ಎದೆ ಹಿಡಿದುಕೊಂಡರಲ್ಲ, ಐದೇ ನಿಮಿಷಕ್ಕೆ ಕಾರು ಬಂತು, ಮೂರು ಜನ ಹುಡುಗರು ಎತ್ತಿಕೊಂಡು ಓಡಿದರು. ಅದು ನಿಜವಾಗಿ ಗ್ಯಾಸು! ನಾನು ಹೋಗಿದ್ದು ಬಸ್ಸಿನಲ್ಲಿ, ಅದೂ ನಿಂತುಕೊಂಡು. ಚಿಕ್ಕಪ್ಪ ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಆಸ್ಪತ್ರೆಗೆ ನೋಡಲು ಬಂದವರೊಬ್ಬರು "ಬಾಗಿನದ ಮೊರ ಎಲ್ಲಿಟ್ಟಿದ್ದೀಯ" ಅಂತ ಕೇಳಿದರು. ಹೆಸರು ಹೇಳುವುದಿಲ್ಲ, ಅವರೂ ಇಲ್ಲೇ ಇದ್ದಾರೆ. ಇರಲಿ. ಮತ್ತೆ ಹೇಳುತ್ತೇನೆ, ಗ್ಯಾಸು ಅಂತ ಸುಮ್ನಿರಬೇಡ.

ಅಯ್ಯೋ, ಹೇಳಬೇಕಾಗಿದ್ದೇ ಮರೆತೆ ನೋಡು. ಪಾಪು ಹೊಟ್ಟೆಯಲ್ಲಿದ್ದಾಗ ನಿನಗೆ ಬಿಪಿ ಏರಿತ್ತಲ್ಲ, ಅದನ್ನು ಡಾಕ್ಟರಿಗೆ ಹೇಳು. ಅವರು ಕೇಳದಿದ್ದರೂ ನೀನೇ ಹೇಳು. ಬಸುರಿಯಾದಾಗ ಬಿಪಿ, ಶುಗರ್ ಬಂದವರಿಗೆ ಮುಂದೆ ಹೃದಯದ ತೊಂದರೆ ಜಾಸ್ತಿ. ನನಗೂ ಶುಗರ್ ಆಗಲೇ ಇತ್ತು, ಅದು ಇದ್ದರೆ ಹೆಂಗಸು ಅಂತ ರಿಯಾಯಿತಿ ಇಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರೂ ನೋಡಿಸು. ದವಡೆ, ಬೆನ್ನು, ಓಕರಿಕೆ, ತಣ್ಣನೆ ಬೆವರು ಅಂತ ಶುರುವಾದರೆ 108ಕ್ಕೆ ಫೋನ್ ಮಾಡು, ಸ್ಕೂಟರ್ ಹತ್ತಬೇಡ. ಹೋದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಕೇಳಿ ಮಾಡಿಸಿಕೋ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿನೂ, ಹೆಪ್ಪು ಕರಗಿಸುವ ಇಂಜೆಕ್ಷನ್ನೂ ಬಿಟ್ಟಿ.

ಯಾವತ್ತು ಹೋಗುತ್ತೀಯ? ಬುಧವಾರ ಆದರೆ ನಾನೂ ಬರುತ್ತೇನೆ, ನನ್ನ ಮಾತ್ರೆ ಮುಗಿದಿದೆ.